ಶಸ್ತ್ರಕ್ರಿಯೆಗೆ ಮುನ್ನ ಬರಿಹೊಟ್ಟೆ: ಉಸಿರು-ಹೃದಯಗಳ ಒಂದು ಹಳೆಯ ವಾದ

ಶಸ್ತ್ರಕ್ರಿಯೆಗೆ ಹೋಗುವವನು ಹೊಟ್ಟೆಯನ್ನು ಬರಿದಾಗಿಟ್ಟುಕೊಂಡು ಹೋಗಬೇಕೆಂಬುದು ಇಂದು ಮನೆಮನೆಗೂ ತಿಳಿದ ಮಾತಾಗಿದೆ. ಮೊದಲೇ ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಯಾದರೆ ಇದರಲ್ಲಿ ಕಷ್ಟವೇನೂ ಇಲ್ಲ. ಹಿಂದಿನ ರಾತ್ರಿ ಹಿತಮಿತವಾಗಿ ಉಂಡು, ವೈದ್ಯರು ಹೇಳಿದಷ್ಟು ಹೊತ್ತು ಉಪವಾಸವಿದ್ದರೆ ತೀರಿತು. ಆದರೆ ರೋಗವೂ ಅಪಘಾತವೂ ನಮ್ಮ ಊಟದ ಹೊತ್ತನ್ನು ವಿಚಾರಿಸಿಕೊಂಡು ಬರತಕ್ಕವುಗಳಲ್ಲ. ಉಂಡು ಎದ್ದವನ ಕರುಳು ತಿರುಚಿಕೊಳ್ಳಬಹುದು. ಫಲಾಹಾರ ಮುಗಿಸಿ ಹೊರಟವನ ಕಾಲು ದಾರಿಯಲ್ಲಿ ಮುರಿಯಬಹುದು. ತುಂಬುಗರ್ಭಿಣಿಗೆ ನಡುರಾತ್ರಿಯಲ್ಲಿ ಹೆರಿಗೆ ಕಟ್ಟಿಕೊಳ್ಳಬಹುದು. ಆಗ ವೈದ್ಯನ ಮುಂದೆ ಎರಡು ದಾರಿಗಳಿರುವುವು. ತುಂಬಿದ ಹೊಟ್ಟೆಯವನಿಗೆ ಹಾಗೆಯೇ ಅರಿವಳಿಕೆ ಕೊಡುವುದು ಒಂದು. ಮೊದಲು ಹೊಟ್ಟೆಯನ್ನು ಬರಿದುಮಾಡಿಸಿ ಅನಂತರ ಕೊಡುವುದು ಮತ್ತೊಂದು. ಮೊದಲನೆಯದರಲ್ಲಿ ಅನ್ನರಸವು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುವ ಭಯವಿದೆ. ಎರಡನೆಯದರಲ್ಲಿ ಬರಿದುಮಾಡುವ ಕ್ರಿಯೆಯೇ ಹೃದಯದ ಬಡಿತವನ್ನೂ ರಕ್ತದ ಒತ್ತಡವನ್ನೂ ಕದಡುವ ಭಯವಿದೆ.

ಈ ಎರಡು ಭಯಗಳಲ್ಲಿ ಯಾವುದು ದೊಡ್ಡದೆಂಬ ವಿಚಾರವು ಇಂದು ನಿನ್ನೆಯದಲ್ಲ. ಅದಕ್ಕೆ ಎರಡು ಸಾವಿರ ವರ್ಷಗಳಷ್ಟು ಹಿಂದಿನ ನಮ್ಮ ಆಯುರ್ವೇದ ಗ್ರಂಥಗಳಲ್ಲಿ ಬೀಜವುಂಟು. ಅದರ ಅತಿ ಬಿರುಸಿನ ಘಟ್ಟವು ನಡೆದುದು ನಮ್ಮ ಸೀಮೆಯ ಹಳೆಯ ರಾಜಧಾನಿಯಲ್ಲಿಯೇ. ಕಲಬುರಗಿಯು ೧೯೪೮ನೆಯ ಇಸವಿಯ ಸೆಪ್ಟೆಂಬರದವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದು, ಅದರ ಒಂದು ಸುಬೆಯ ಕೇಂದ್ರವಾಗಿತ್ತು. ಆ ಹೈದರಾಬಾದಿನಲ್ಲಿ ೧೮೮೮ ಮತ್ತು ೧೮೮೯ನೆಯ ಇಸವಿಗಳಲ್ಲಿ ಕ್ಲೋರೋಫಾರಮ್ಮಿನ ವಿಷಯವಾಗಿ ಎರಡು ಆಯೋಗಗಳು ಕುಳಿತು, ಅರಿವಳಿಕೆಯಿಂದ ಸಾಯುವವನಲ್ಲಿ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬ ಪ್ರಶ್ನೆಯನ್ನು ಲೋಕದ ವೈದ್ಯರೆಲ್ಲರ ಮುಂದಿಟ್ಟವು. ನಮ್ಮ ಜಿಲ್ಲೆಯ ವಾಚಕರಿಗೆ ಈ ಚರಿತ್ರೆಯ ಪರಿಚಯವಿರುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆದಿದೆ.

೧. ಪ್ರಾಚೀನರ ಮತ

ಮೊದಲು ಸುಶ್ರುತನ ಮತವನ್ನು ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಈ ವಿಷಯವಾಗಿ ಎರಡು ವಿಧಿಗಳಿವೆ; ಮೇಲುನೋಟಕ್ಕೆ ಅವು ಪರಸ್ಪರವಿರುದ್ಧವಾಗಿ ತೋರುತ್ತವೆ. ಹದಿನೇಳನೆಯ ಅಧ್ಯಾಯದಲ್ಲಿ, ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಇಷ್ಟವಾದ ಭೋಜನವನ್ನು ಮಾಡಿಸಬೇಕೆಂದೂ, ಮದ್ಯಪಾನದ ಅಭ್ಯಾಸವುಳ್ಳವನು ನೋವನ್ನು ತಾಳಲಾರದವನಾದರೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದೂ ಹೇಳಿದೆ. ಅದಕ್ಕೆ ಕಾರಣವನ್ನೂ ಆಚಾರ್ಯನು ಕೊಟ್ಟಿದ್ದಾನೆ: ಅನ್ನದ ಬಲದಿಂದ ರೋಗಿಯು ಮೂರ್ಛೆ ಹೋಗುವುದಿಲ್ಲ, ಮದದಿಂದ ಶಸ್ತ್ರದ ನೋವು ತಿಳಿಯುವುದಿಲ್ಲ. ಆದರೆ ಅದೇ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಒಂದು ಅಪವಾದವಿದೆ. ಮೂಢಗರ್ಭ, ಉದರರೋಗ, ಅರ್ಶಸ್ಸು, ಅಶ್ಮರಿ, ಭಗಂದರ, ಮುಖರೋಗ ಈ ಆರರಲ್ಲಿ ಉಣ್ಣದವನಿಗೇ ಶಸ್ತ್ರಕರ್ಮವನ್ನು ಮಾಡಬೇಕೆಂದು ಅಲ್ಲಿ ವಿಧಿಸಿದೆ. ಆ ವಾಕ್ಯದಲ್ಲಿ ಕಾರಣವನ್ನು ಹೇಳಿಲ್ಲ.

ಇಲ್ಲಿ ವಿರೋಧವಿಲ್ಲವೆಂಬುದು ಸ್ವಲ್ಪ ಯೋಚಿಸಿದರೆ ತಿಳಿಯುತ್ತದೆ. ಒಂದು ಉತ್ಸರ್ಗ, ಒಂದು ಅಪವಾದ. ಸುಶ್ರುತನ ಕಾಲದಲ್ಲಿ ಇಂದಿನಂತಹ ಅರಿವಳಿಕೆ ಇರಲಿಲ್ಲ. ರೋಗಿಗೆ ಎಚ್ಚರವಿರುತ್ತಿತ್ತು, ಕೆಮ್ಮುವ, ನುಂಗುವ, ಗಂಟಲನ್ನು ಬಿಗಿಹಿಡಿಯುವ ಶಕ್ತಿಗಳು ಕೆಡದೆ ಇರುತ್ತಿದ್ದವು. ಆದಕಾರಣ ಹೊಟ್ಟೆಯ ಅನ್ನವು ಉಸಿರಿನ ದಾರಿಗೆ ಬೀಳುವ ಅಪಾಯ ಅಲ್ಪವಾಗಿದ್ದು, ನೋವಿನಿಂದಲೂ ಹೆದರಿಕೆಯಿಂದಲೂ ರಕ್ತ ಹೋಗುವುದರಿಂದಲೂ ಬರುವ ಮೂರ್ಛೆಯ ಅಪಾಯವೇ ಹೆಚ್ಚಾಗಿತ್ತು. ಮೂರ್ಛೆಯೆಂದರೆ ಹೃದಯದಿಂದ ಮೆದುಳಿಗೆ ರಕ್ತವು ಸಾಲದೆ ಹೋಗುವುದು. ಅನ್ನವನ್ನು ಕೊಡುವುದೂ ಬಿಡುವುದೂ ರೋಗಿಯ ಬಲವನ್ನು, ಎಂದರೆ ಅವನ ರಕ್ತಸಂಚಾರವನ್ನು, ನೋಡಿ ನಿರ್ಣಯಿಸತಕ್ಕ ವಿಷಯವೆಂಬುದು ಸುಶ್ರುತನ ಮಾತಿನಿಂದಲೇ ಹೊರಡುತ್ತದೆ.

ಹೊಟ್ಟೆಯನ್ನು ಬರಿದುಮಾಡುವ ಕ್ರಿಯೆಗೂ ಹೃದಯಕ್ಕೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ನುಡಿದವನು ಚರಕನು. ಪಂಚಕರ್ಮಗಳಲ್ಲಿ ವಮನವು ಮೊದಲನೆಯದಷ್ಟೆ. ಚರಕಸಂಹಿತೆಯ ಸಿದ್ಧಿಸ್ಥಾನದ ಎರಡನೆಯ ಅಧ್ಯಾಯದಲ್ಲಿ ಯಾರಿಗೆ ವಮನವನ್ನು ಮಾಡಿಸಬಾರದೆಂಬ ದೀರ್ಘವಾದ ಪಟ್ಟಿಯುಂಟು. ಬಾಲಕ, ವೃದ್ಧ, ದುರ್ಬಲ, ಗರ್ಭಿಣಿ ಇವರೊಡನೆ ಹೃದ್ರೋಗಿಯೂ ಅದರಲ್ಲಿ ಸೇರಿದ್ದಾನೆ. ಅಂಥವನಿಗೆ ವಮನ ಮಾಡಿಸಿದರೆ ಹೃದಯಕ್ಕೆ ಉಪರೋಧವುಂಟಾಗುವುದೆಂದು ಕಾರಣವನ್ನೂ ಹೇಳಿದೆ. ವಮನವು ಮಿತಿಮೀರಿದರೆ ಬರುವ ಲಕ್ಷಣಗಳನ್ನು ಹೇಳುವಲ್ಲಿ ಬಾಯಾರಿಕೆ, ಮೋಹ, ಮೂರ್ಛೆ, ಬಲಹಾನಿಗಳನ್ನು ಎಣಿಸಿದೆ. ದೇಹದಿಂದ ದ್ರವವು ಹೆಚ್ಚಾಗಿ ಹೋಗಿ ರಕ್ತದ ಒತ್ತಡ ಕುಸಿದಾಗ ಇಂದಿನ ವೈದ್ಯನು ಕಾಣುವ ಚಿಹ್ನೆಗಳೂ ಇವೇ. ಆಧುನಿಕ ಶಾಸ್ತ್ರವೆಲ್ಲವೂ ಋಷಿಗಳಿಗೆ ತಿಳಿದಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ರೋಗಿಯ ಹಾಸಿಗೆಯ ಬಳಿ ಕುಳಿತು ಕಣ್ಣಿಟ್ಟು ನೋಡಿದವರಿಗೆ ಹೊಟ್ಟೆಗೂ ಹೃದಯಕ್ಕೂ ಇರುವ ನಂಟು ಮರೆಯಾಗಿರಲಿಲ್ಲವೆಂದು ಮಾತ್ರ ನನ್ನ ತಾತ್ಪರ್ಯ.

೨. ಅರಿವಳಿಕೆ ಬಂದ ಮೇಲೆ

೧೮೪೬ನೆಯ ಇಸವಿಯ ಅಕ್ಟೋಬರ ೧೬ರಂದು ಅಮೆರಿಕೆಯ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬವನು ಈಥರಿನ ಆವಿಯಿಂದ ರೋಗಿಯೊಬ್ಬನನ್ನು ಮೈಮರೆಯಿಸಿ, ನೋವಿಲ್ಲದ ಶಸ್ತ್ರಕ್ರಿಯೆಯನ್ನು ಜನರ ಮುಂದೆ ತೋರಿಸಿದನು. ಹೈದರಾಬಾದಿನಲ್ಲಿ ವೈದ್ಯಕೀಯ ಶಾಲೆ ಸ್ಥಾಪಿತವಾದುದೂ ಅದೇ ೧೮೪೬ರಲ್ಲಿ. ಮರುವರ್ಷ ನವೆಂಬರದಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. ಅದು ಈಥರಿಗಿಂತ ಸುವಾಸನೆಯುಳ್ಳದ್ದು, ಬೇಗ ಹತ್ತುವಂಥದು, ಒಂದು ಕರವಸ್ತ್ರದ ಮೇಲೆ ತೊಟ್ಟಿಕ್ಕಿ ಮೂಸಿಸಬಹುದಾದದ್ದು. ಕೆಲವೇ ತಿಂಗಳುಗಳಲ್ಲಿ ಅದು ಊರೂರಿಗೆ ಹಬ್ಬಿತು.

ಆದರೆ ಮೂರು ತಿಂಗಳು ತುಂಬುವುದರೊಳಗಾಗಿ ಮೊದಲ ಸಾವು ಸಂಭವಿಸಿತು. ೧೮೪೮ನೆಯ ಇಸವಿಯ ಜನವರಿ ೨೮ರಂದು ಇಂಗ್ಲೆಂಡಿನ ನ್ಯೂಕಾಸಲ್ಲಿನ ಬಳಿಯ ವಿನ್ಲೇಟನ್ ಗ್ರಾಮದಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದು ವರುಷದ ಹುಡುಗಿಗೆ ಕಾಲ್ಬೆರಳಿನ ಉಗುರನ್ನು ತೆಗೆಯುವುದಕ್ಕಾಗಿ ಕ್ಲೋರೋಫಾರಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳ ಮುಖ ಬಿಳಿಚಿತು. ಎಚ್ಚರಿಸಲೆಂದು ಬಾಯಿಗೆ ನೀರನ್ನೂ ಬ್ರಾಂದಿಯನ್ನೂ ಹಾಕಿದರು. ಅವಳು ಪ್ರಾಣಬಿಟ್ಟಳು.

ಆಕೆಯ ಸಾವಿನ ಕಾರಣದ ವಿಷಯವಾಗಿ ಹುಟ್ಟಿದ ವಿವಾದವೇ ಮುಂದಿನ ವಾದಗಳಿಗೆಲ್ಲ ಮೂಲವಾಯಿತು. ಕ್ಲೋರೋಫಾರಮ್ಮಿನ ಪಕ್ಷಪಾತಿಯಾದ ಸಿಂಪ್ಸನ್, ಅದರಿಂದ ಅವಳು ಸಾಯಲಿಲ್ಲ, ಅರಿವಿಲ್ಲದವಳ ಬಾಯಿಗೆ ಹಾಕಿದ ನೀರು ಬ್ರಾಂದಿಗಳು ಗಂಟಲಿಗೆ ಸಿಕ್ಕಿ ಉಸಿರು ಕಟ್ಟಿತು ಎಂದನು. ಲಂಡನ್ನಿನ ಜಾನ್ ಸ್ನೋ, ಕ್ಲೋರೋಫಾರಮ್ಮಿನ ಗಾಢವಾದ ಆವಿಯು ನೇರವಾಗಿ ಹೃದಯವನ್ನೇ ನಿಲ್ಲಿಸಿತು ಎಂದನು. ಒಬ್ಬನದು ಶ್ವಾಸಪಕ್ಷ, ಮತ್ತೊಬ್ಬನದು ಹೃದಯಪಕ್ಷ. ಬಾಯಿಂದ ಒಳಗೆ ಹೋದ ವಸ್ತುವು ಅರಿವಳಿದವನ ಉಸಿರಿಗೆ ಮುಳುವಾಗಬಹುದೆಂಬ ಮಾತು ಈ ವಿವಾದದಲ್ಲಿಯೇ ಕೇಳಿಬಂದುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಅರಿವಳಿಕೆ ಬಂದೊಡನೆ ಸುಶ್ರುತನ ಕಾಲದ ಲೆಕ್ಕವು ತಲೆಕೆಳಗಾಯಿತು. ಅನ್ನಬಲದಿಂದ ಮೂರ್ಛೆಯನ್ನು ತಡೆಯುವುದು ಹಿಂದಿನ ಲಾಭ. ಆದರೆ ಕೆಮ್ಮುವ ಶಕ್ತಿಯನ್ನೇ ಕಳೆದುಕೊಂಡವನಲ್ಲಿ ಅದೇ ಅನ್ನವು ಶತ್ರು. ೧೮೮೦ರ ದಶಕಕ್ಕೆ ಬರುವ ಹೊತ್ತಿಗೆ ಲಿಸ್ಟರ್ ಮಹಾಶಯನು, ಕ್ಲೋರೋಫಾರಮ್ ಕೊಡುವಾಗ ಹೊಟ್ಟೆಯಲ್ಲಿ ಗಟ್ಟಿಯಾದ ಪದಾರ್ಥವಿರಬಾರದು, ಆದರೆ ಎರಡು ಗಂಟೆ ಮೊದಲು ಒಂದು ಬಟ್ಟಲು ಚಹವನ್ನು ಕೊಡುವುದು ಹಿತಕರ ಎಂದು ಬರೆದನು. ರೋಗಿಯು ಬಸವಳಿಯಲೂ ಬಾರದು, ಅವನ ಹೊಟ್ಟೆ ತುಂಬಿರಲೂ ಬಾರದು ಎಂಬ ಎರಡೂ ಕಡೆಯ ಎಚ್ಚರವು ಆ ಮಾತಿನಲ್ಲಿದೆ.

೩. ಹೈದರಾಬಾದಿನ ಆಯೋಗಗಳು

ಇಷ್ಟರಲ್ಲಿ ವಾದವು ದಕ್ಖಣಕ್ಕೆ ಬಂದಿತು. ಎಡ್ವರ್ಡ್ ಲಾರೀ ಎಂಬ ಶಸ್ತ್ರವೈದ್ಯರು ಹೈದರಾಬಾದಿನ ರೆಸಿಡೆನ್ಸಿಯ ಸರ್ಜನರಾಗಿಯೂ ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿಯೂ ಇದ್ದರು. ಇವರು ಎಡಿನ್‌ಬರೋದ ಸೈಮ್ ಎಂಬ ಪ್ರಸಿದ್ಧ ಶಸ್ತ್ರವೈದ್ಯನ ಶಿಷ್ಯರು. ಕ್ಲೋರೋಫಾರಮ್ ಕೊಡುವಾಗ ನಾಡಿಯನ್ನು ಹಿಡಿದು ಕೂರಬೇಡ, ಉಸಿರನ್ನು ಮಾತ್ರ ನೋಡು ಎಂಬುದು ಗುರುವಿನ ಉಪದೇಶ. ಶಿಷ್ಯರು ಅದನ್ನು ಬ್ರಹ್ಮವಾಕ್ಯವೆಂಬಂತೆ ಹಿಡಿದರು. ಆಗ ಆಳುತ್ತಿದ್ದವರು ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು. ಕಲಬುರಗಿಯ ಎಂ. ಎಸ್. ಕೆ. ಮಿಲ್ಲಿನ ಹೆಸರಿನ ಮೊದಲ ಅಕ್ಷರದಲ್ಲಿ ಅಡಗಿರುವುದು ಈ ಮಹಬೂಬರ ಹೆಸರೇ. ಲಾರೀ ಅವರ ಪ್ರಾರ್ಥನೆಯ ಮೇರೆಗೆ ೧೮೮೮ರಲ್ಲಿ ನಿಜಾಮರ ಸರ್ಕಾರವು ಮೊದಲನೆಯ ಆಯೋಗವನ್ನು ನೇಮಿಸಿತು. ನಾಯಿಗಳ ಮೇಲೆ ಪ್ರಯೋಗಗಳು ನಡೆದವು. ಎಲ್ಲ ಸಾವುಗಳಲ್ಲಿಯೂ ಉಸಿರು ನಿಂತ ಮೇಲೆಯೇ ಹೃದಯ ನಿಂತಿತೆಂಬ ನಿರ್ಣಯವು ಹೊರಬಿದ್ದಿತು.

ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯು ಈ ನಿರ್ಣಯವನ್ನು ಒಪ್ಪಲಿಲ್ಲ. ಅದಕ್ಕೆ ಹೈದರಾಬಾದಿನವರು ಕೊಟ್ಟ ಉತ್ತರವು ರಾಜೋಚಿತವಾಗಿತ್ತು. ಪತ್ರಿಕೆಯು ತನಗೆ ನಂಬಿಕೆಯುಳ್ಳ ವಿದ್ವಾಂಸನೊಬ್ಬನನ್ನು ಆರಿಸಿ ಕಳುಹಿಸಲಿ, ಅವನ ಕಣ್ಣೆದುರಿನಲ್ಲಿಯೇ ಪ್ರಯೋಗಗಳನ್ನು ಮತ್ತೆ ಮಾಡೋಣ, ವೆಚ್ಚಕ್ಕೆ ಸಾವಿರ ಪೌಂಡುಗಳನ್ನು ನಿಜಾಮರು ಕೊಡುವರು, ಎಂದು ಹೇಳಿ ಕಳುಹಿಸಿದರು. ಬಂದವರು ಲಾಡರ್ ಬ್ರಂಟನ್. ಇವರು ಸಾಮಾನ್ಯರಲ್ಲ, ಹೃದ್ರೋಗಿಗಳ ಎದೆನೋವಿಗೆ ಅಮೈಲ್ ನೈಟ್ರೈಟ್ ಎಂಬ ಔಷಧವನ್ನು ೧೮೬೭ರಲ್ಲಿ ಬಳಸಿ ಕೀರ್ತಿ ಪಡೆದವರು. ಹೃದಯವನ್ನು ಬಲ್ಲ ಪಂಡಿತರೇ ಶ್ವಾಸಪಕ್ಷದ ಪರೀಕ್ಷೆಗೆ ಬಂದಂತಾಯಿತು.

೧೮೮೯ರ ಅಕ್ಟೋಬರದಿಂದ ಡಿಸೆಂಬರದವರೆಗೆ ಎರಡನೆಯ ಆಯೋಗವು ಕೆಲಸ ಮಾಡಿತು. ಲಾರೀ ಅಧ್ಯಕ್ಷರು, ಬ್ರಂಟನ್, ಬಾಮ್‌ಫೋರ್ಡ್, ಡಾಕ್ಟರ್ ರುಸ್ತುಂಜಿ ಇವರು ಸದಸ್ಯರು. ನಾಯಿ, ಕೋತಿ, ಕುದುರೆ, ಮೇಕೆ, ಬೆಕ್ಕು, ಮೊಲ ಈ ಜಾತಿಗಳ ನಾನೂರಕ್ಕೂ ಮಿಕ್ಕಿದ ಪ್ರಾಣಿಗಳ ಮೇಲೆ ಪ್ರಯೋಗಗಳು ನಡೆದವು. ಅನೇಕ ಪ್ರಾಣಿಗಳ ಧಮನಿಗಳಿಗೆ ಒತ್ತಡಮಾಪಕವನ್ನು ಜೋಡಿಸಿ, ರಕ್ತದ ಒತ್ತಡದ ಏರಿಳಿತಗಳನ್ನು ಗೆರೆಗಳಾಗಿ ಬರೆಯಿಸಿ, ಆ ದಾಖಲೆಗಳ ಛಾಯಾಚಿತ್ರಗಳನ್ನೂ ತೆಗೆದಿಟ್ಟರು. ಬ್ರಂಟನ್ನರು ಹೈದರಾಬಾದಿನಿಂದ ಲಂಡನ್ನಿಗೆ ತಂತಿಯ ಮೂಲಕ ತಿಳಿಸಿದ ಸಾರಾಂಶವಿಷ್ಟು: ಕ್ಲೋರೋಫಾರಮ್ಮಿನ ಅಪಾಯವು ಉಸಿರು ಕಟ್ಟುವುದರಲ್ಲಿಯೂ ಪ್ರಮಾಣ ಮೀರುವುದರಲ್ಲಿಯೂ ಇದೆ, ಹೃದಯದ ಮೇಲೆ ಅದಕ್ಕೆ ನೇರವಾದ ಅಪಾಯವಿಲ್ಲ. ಉಸಿರನ್ನು ಎಡೆಬಿಡದೆ ಗಮನಿಸಿ ಕೊಟ್ಟರೆ ಯಾವ ಶಸ್ತ್ರಕ್ರಿಯೆಯಲ್ಲಿಯೂ ಸಂಪೂರ್ಣ ನಿರ್ಭಯವಾಗಿ ಕ್ಲೋರೋಫಾರಮ್ ಕೊಡಬಹುದೆಂದು ಆಯೋಗವು ಸಾರಿತು.

ಈ ಪರಿಶ್ರಮದಲ್ಲಿ ಪಾಲುಗೊಂಡವರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರಸಿ ಮಹಿಳೆಯ ಹೆಸರನ್ನು ಇಲ್ಲಿ ಸ್ಮರಿಸಲೇಬೇಕು. ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಮೊದಮೊದಲು ಸೇರಿದ ಐವರು ವಿದ್ಯಾರ್ಥಿನಿಯರಲ್ಲಿ ಒಬ್ಬರಾಗಿ, ೧೮೮೯ರಲ್ಲಿ ತೇರ್ಗಡೆಹೊಂದಿ, ಕ್ಲೋರೋಫಾರಮ್ ಕೊಡುವುದರಲ್ಲಿ ಪರಿಣತರಾಗಿ, ೧೯೦೯ರಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ಎಡಿನ್‌ಬರೋಗೆ ಹೋಗಿಬಂದರು. ಲೋಕದಲ್ಲಿ ಅರಿವಳಿಕೆಯನ್ನೇ ವೃತ್ತಿಯಾಗಿ ಕೈಕೊಂಡ ಮೊದಲ ಮಹಿಳೆಯರ ಸಾಲಿನಲ್ಲಿ ಇವರನ್ನು ಎಣಿಸುತ್ತಾರೆ. ಪರದೆಯ ಪದ್ಧತಿ ಬಿಗಿಯಾಗಿದ್ದ ಆ ಕಾಲದಲ್ಲಿ ಸ್ತ್ರೀರೋಗಿಗಳಿಗೆ ಇಂಥವರಿಂದ ಆದ ಉಪಕಾರವನ್ನು ಊಹಿಸಿಕೊಳ್ಳಬಹುದು.

೪. ವಾದದ ತೀರ್ಪು

ಹೈದರಾಬಾದಿನ ನಿರ್ಣಯವು ಕಾಲದ ಪರೀಕ್ಷೆಯಲ್ಲಿ ಅರ್ಧ ಉಳಿದು ಅರ್ಧ ಬಿದ್ದುಹೋಯಿತು. ಉಸಿರನ್ನು ಎಡೆಬಿಡದೆ ನೋಡಬೇಕೆಂಬ ಉಪದೇಶವು ಇಂದಿಗೂ ಶಿರೋಧಾರ್ಯ. ಹೃದಯಕ್ಕೆ ಭಯವಿಲ್ಲವೆಂಬ ಮಾತು ಮಾತ್ರ ನಿಲ್ಲಲಿಲ್ಲ. ೧೯೧೧ರಲ್ಲಿ ಲಂಡನ್ನಿನ ಗುಡ್‌ಮನ್ ಲೇವಿ ಎಂಬವರು ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರಮ್ ಇನ್ನೂ ಪೂರ್ತಿ ಹತ್ತದಿರುವ ಹಗುರವಾದ ಅವಸ್ಥೆಯಲ್ಲಿ ರಕ್ತಕ್ಕೆ ಅಡ್ರಿನಲಿನ್ ಸೇರಿದರೆ ಹೃದಯದ ಕುಹರಗಳು ಬಡಿಯುವುದನ್ನು ಬಿಟ್ಟು ಅಸ್ತವ್ಯಸ್ತವಾಗಿ ನಡುಗತೊಡಗಿ ಸಾವುಂಟಾಗುವುದೆಂದು ತೋರಿಸಿಕೊಟ್ಟರು. ಭಯಪಟ್ಟವನ, ಕೊಸರಾಡುವವನ ದೇಹವು ಆ ಅಡ್ರಿನಲಿನ್ನನ್ನು ತಾನೇ ಹೊರಡಿಸುತ್ತದೆ. ಹೈದರಾಬಾದಿನ ಪ್ರಾಣಿಗಳಿಗೆ ಕ್ಲೋರೋಫಾರಮ್ಮನ್ನು ಗಾಢವಾಗಿ ಕೊಟ್ಟುದರಿಂದ ಮೊದಲು ಉಸಿರು ನಿಂತಿತು; ಕುರ್ಚಿಯ ಮೇಲೆ ಹೆದರಿ ಕುಳಿತ ಹ್ಯಾನಾಳಂಥವರಲ್ಲಿ ಮೊದಲು ನಿಂತದ್ದು ಹೃದಯವೇ ಇರಬೇಕೆಂದು ಈಗ ಹಲವರು ಭಾವಿಸುತ್ತಾರೆ. ಪ್ರಯೋಗಗಳು ಸುಳ್ಳಲ್ಲ, ಒಂದು ಅವಸ್ಥೆಯಲ್ಲಿ ಕಂಡುದನ್ನು ಸಕಲಾವಸ್ಥೆಗಳಿಗೂ ಅನ್ವಯಿಸಿದ್ದು ದೋಷವಾಯಿತು. ತರ್ಕಶಾಸ್ತ್ರದಲ್ಲಿ ಇದನ್ನೇ ಅತಿವ್ಯಾಪ್ತಿಯೆನ್ನುವರು.

ಇನ್ನೊಂದು ಲೋಪವೂ ಉಂಟು. ಉಸಿರು, ಹೃದಯ ಎಂಬ ಇಬ್ಬರು ವಾದಿಗಳ ಗದ್ದಲದಲ್ಲಿ ಜಠರವೆಂಬ ಮೂರನೆಯವನಿಗೆ ಸಲ್ಲಬೇಕಾದಷ್ಟು ಗಮನ ಸಲ್ಲಲಿಲ್ಲ. ಅದರ ಸರದಿ ಬಂದುದು ೧೯೪೬ರಲ್ಲಿ. ನ್ಯೂಯಾರ್ಕಿನ ಒಂದು ಹೆರಿಗೆ ಆಸ್ಪತ್ರೆಯ ೪೪,೦೧೬ ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿದ ಮೆಂಡೆಲ್ಸನ್ ಎಂಬ ವೈದ್ಯರು, ಅರಿವಳಿಕೆಯ ಕಾಲದಲ್ಲಿ ಹೊಟ್ಟೆಯ ಪದಾರ್ಥವು ಶ್ವಾಸಕೋಶಕ್ಕೆ ಇಳಿದ ೬೬ ಪ್ರಸಂಗಗಳನ್ನು ಕಂಡರು. ಗಟ್ಟಿಯಾದ ಅನ್ನವು ಸಿಕ್ಕಿ ಉಸಿರುಕಟ್ಟಿ ಸತ್ತವರು ಇಬ್ಬರು. ಮಿಕ್ಕವರಲ್ಲಿ ಅನೇಕರಿಗೆ ಜಠರದ ಆಮ್ಲವೇ ಶ್ವಾಸಕೋಶವನ್ನು ಸುಟ್ಟು, ಮೈ ನೀಲಿಗಟ್ಟಿ, ನಾಡಿಯು ವೇಗವಾಗಿ ಓಡಿ, ಏದುಸಿರು ಬಂದಿತ್ತು. ಹೆರಿಗೆಯ ನೋವಿನಲ್ಲಿರುವವಳಿಗೆ ಅನ್ನ ಕೊಡಬೇಡಿ, ಅರಿವಳಿಕೆಗೆ ಮೊದಲು ಜಠರವನ್ನು ಬರಿದುಮಾಡಿ, ಸಾಧ್ಯವಾದಲ್ಲಿ ಆ ಭಾಗಕ್ಕೆ ಮಾತ್ರ ಮರಗಟ್ಟಿಸಿ ಕೆಲಸ ಮುಗಿಸಿ ಎಂಬುದು ಅವರ ಬೋಧೆ. ಸುಶ್ರುತನು ಬರಿಹೊಟ್ಟೆಯನ್ನು ವಿಧಿಸಿದ ಆರು ರೋಗಗಳಲ್ಲಿ ಮೊದಲನೆಯದು ಮೂಢಗರ್ಭ, ಎಂದರೆ ಅಡ್ಡಗಟ್ಟಿದ ಹೆರಿಗೆ, ಎಂಬುದನ್ನು ವಾಚಕರು ಇಲ್ಲಿ ನೆನಪಿಗೆ ತಂದುಕೊಳ್ಳಬಹುದು.

ಜಠರಕ್ಕೂ ಉಸಿರಿಗೂ ಹೃದಯಕ್ಕೂ ಇರುವ ಸಂಬಂಧವು ಇದರಿಂದ ಸ್ಪಷ್ಟವಾಗುತ್ತದೆ. ಶ್ವಾಸಕೋಶಕ್ಕೆ ಆಮ್ಲ ಇಳಿದರೆ ರಕ್ತಕ್ಕೆ ಪ್ರಾಣವಾಯು ಸಾಲದು. ಸಾಲದಾದಾಗ ಹೃದಯವು ಮೊದಲು ಓಡುತ್ತದೆ, ಆಮೇಲೆ ತಡವರಿಸುತ್ತದೆ, ಕಡೆಗೆ ನಿಲ್ಲುತ್ತದೆ. ಉಸಿರಿನ ಸಾವು ಹೃದಯದ ಸಾವು ಎಂಬ ಎರಡು ಪಕ್ಷಗಳು ಇಂಥ ರೋಗಿಯಲ್ಲಿ ಒಂದೇ ಸರಪಳಿಯ ಎರಡು ಕೊಂಡಿಗಳಾಗುತ್ತವೆ.

೫. ಬರಿದುಮಾಡುವುದರ ಬೆಲೆ

ಹಾಗಾದರೆ ಅವಸರದ ಶಸ್ತ್ರಕ್ರಿಯೆಗೆ ಬಂದ ಪ್ರತಿಯೊಬ್ಬನ ಹೊಟ್ಟೆಯನ್ನೂ ಬರಿದುಮಾಡಿಬಿಡಬಾರದೇಕೆ? ಹಿಂದೆ ಅದಕ್ಕೆ ಎರಡು ಉಪಾಯಗಳನ್ನು ಹೂಡಿದರು: ವಾಂತಿ ಮಾಡಿಸುವುದು, ಕೊಳವೆ ಇಳಿಸುವುದು.

ವಾಂತಿ ಮಾಡಿಸಲು ಅಪೊಮಾರ್ಫಿನ್ ಎಂಬ ಔಷಧವನ್ನು ಚುಚ್ಚುತ್ತಿದ್ದರು. ಓಕರಿಕೆ ತೊಡಗಿತೆಂದರೆ ಮುಖ ಬಿಳಿಚುತ್ತದೆ, ಬೆವರು ಕಿತ್ತುಬರುತ್ತದೆ, ಬಾಯಲ್ಲಿ ನೀರೂರುತ್ತದೆ. ಎದೆ ಹೊಟ್ಟೆಗಳ ಸ್ನಾಯುಗಳು ಬಿಗಿದು ಎದೆಗೂಡಿನ ಒಳಒತ್ತಡವು ಕ್ಷಣಕ್ಕೊಂದು ಬಗೆಯಾಗಿ ಬದಲಾಗುತ್ತಿರಲು, ಹೃದಯಕ್ಕೆ ಹಿಂದಿರುಗುವ ರಕ್ತವು ಒಮ್ಮೆ ತಡೆಯುತ್ತದೆ, ಒಮ್ಮೆ ನುಗ್ಗುತ್ತದೆ. ರಕ್ತದ ಒತ್ತಡವೂ ಅದರೊಡನೆ ಏರಿಳಿಯುತ್ತದೆ. ಅಪೊಮಾರ್ಫಿನ್ ತಾನಾಗಿಯೂ ಒತ್ತಡವನ್ನು ಇಳಿಸತಕ್ಕದ್ದು. ರಕ್ತ ಕಳೆದುಕೊಂಡವನಿಗೆ, ಹೃದಯ ಕೆಟ್ಟವನಿಗೆ, ಮುದುಕನಿಗೆ ಇದನ್ನು ತಾಳುವ ಶಕ್ತಿಯೆಲ್ಲಿ? ಚರಕನ ಹೃದಯೋಪರೋಧದ ಎಚ್ಚರಿಕೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಈ ಕ್ರಮವು ಈಗ ಬಳಕೆಯಲ್ಲಿಲ್ಲ.

ಕೊಳವೆಯು ಇದಕ್ಕಿಂತ ಸೌಮ್ಯ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ರೈಲ್ಸ್ ಟ್ಯೂಬು ಎನ್ನುವ ಸಣ್ಣ ಕೊಳವೆಗೆ ೧೯೨೧ರಲ್ಲಿ ಅದನ್ನು ವರ್ಣಿಸಿದ ಜಾನ್ ರೈಲ್ ಎಂಬ ಇಂಗ್ಲಿಷ್ ವೈದ್ಯರ ಹೆಸರು ಬಂದಿದೆ. ಮೂಗಿನಿಂದ ಗಂಟಲಿಗೆ ಅದು ಇಳಿಯುವಾಗ ಸಾಮಾನ್ಯವಾಗಿ ನಾಡಿಯೂ ಒತ್ತಡವೂ ಏರುತ್ತವೆ. ಕೆಲವರಲ್ಲಿ ಇದಕ್ಕೆ ವಿಪರೀತವಾಗಿ ನಾಡಿಯು ಇಳಿಯುವುದುಂಟು. ಮೆದುಳಿನಿಂದ ಹೊರಟು ಗಂಟಲು, ಹೃದಯ, ಜಠರ ಮೂರನ್ನೂ ಮುಟ್ಟುವ ವೇಗಸ್ ಎಂಬ ದೀರ್ಘವಾದ ನರವೊಂದಿದೆ. ಅದನ್ನು ಕೆರಳಿಸಿದರೆ ಹೃದಯವು ನಿಧಾನಗೊಂಡು ನಿಲ್ಲುವುದೆಂದು ವೇಬರ್ ಸೋದರರು ೧೮೪೫ರಲ್ಲಿಯೇ ತೋರಿಸಿದ್ದರು. ಗಂಟಲಿನಲ್ಲಿ ಮುಟ್ಟಿದ್ದಕ್ಕೆ ಹೃದಯವು ಓಗೊಡುವುದರ ಗುಟ್ಟು ಇದೇ.

ಇದಲ್ಲದೆ ಜಠರರಸವು ಬರಿಯ ನೀರಲ್ಲ. ಅದರೊಡನೆ ಆಮ್ಲವೂ ಲವಣಗಳೂ ಹೊರಹೋಗುತ್ತವೆ. ಕರುಳು ಕಟ್ಟಿಕೊಂಡವನು ದಿನವಿಡೀ ವಾಂತಿ ಮಾಡಿಕೊಂಡಿದ್ದರೆ ಅವನ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು; ರಕ್ತನಾಳಗಳೇ ಬರಿದಾಗಿರಬಹುದು. ಅಂಥವನಿಗೆ ಶಿರೆಯ ಮೂಲಕ ಅರಿವಳಿಕೆಯನ್ನು ಒಮ್ಮೆಲೆ ಕೊಟ್ಟರೆ ಒತ್ತಡವು ದಿಢೀರನೆ ಕುಸಿಯುತ್ತದೆ. ಅದಕ್ಕಾಗಿಯೇ ಬಲ್ಲ ವೈದ್ಯರು ಜಠರವನ್ನು ಬರಿದುಮಾಡುವುದರೊಡನೆ ಶಿರೆಯನ್ನು ದ್ರವದಿಂದ ತುಂಬಿಸುತ್ತಾರೆ. ಇದೇ ರೋಗಿಯಲ್ಲಿ ಬರಿದುಮಾಡುವುದರಿಂದ ಹೃದಯಕ್ಕೆ ಲಾಭವೂ ಉಂಟು. ಉಬ್ಬಿದ ಹೊಟ್ಟೆಯು ವಪೆಯನ್ನು ಮೇಲಕ್ಕೊತ್ತಿ ಉಸಿರನ್ನೂ ರಕ್ತದ ಮರಳುವಿಕೆಯನ್ನೂ ತಡೆಯುತ್ತಿರುವಾಗ, ಕೊಳವೆಯಿಂದ ಅದು ಇಳಿದರೆ ಎರಡೂ ಸರಾಗವಾಗುತ್ತವೆ. ಜಠರವನ್ನು ಬೇಗನೆ ಮುಂದೂಡುವ ಔಷಧಗಳೂ ಇವೆ. ಆದರೆ ಅವುಗಳಲ್ಲಿ ಎರಿತ್ರೊಮೈಸಿನ್ನಿನಂಥವು ಹೃದಯದ ವಿದ್ಯುಲ್ಲಯವನ್ನು ಹಿಗ್ಗಿಸುವುದರಿಂದ ಎಲ್ಲರಿಗೂ ಹಿತವಲ್ಲ.

ಈ ಕಾರಣಗಳಿಂದ ಇಂದಿನ ಪದ್ಧತಿಯು ಮಧ್ಯಮಮಾರ್ಗವನ್ನು ಹಿಡಿದಿದೆ. ೧೯೬೧ರಲ್ಲಿ ಲಂಡನ್ನಿನ ಸೆಲಿಕ್ ಎಂಬವರು, ಮೊದಲು ಕೊಳವೆಯಿಂದ ಜಠರವನ್ನು ಬರಿದುಮಾಡಿ, ಆಮೇಲೆ ಅರಿವು ತಪ್ಪುತ್ತಿರುವಾಗ ಗಂಟಲಿನ ಕ್ರಿಕಾಯಿಡ್ ಮೃದ್ವಸ್ಥಿಯನ್ನು ಒತ್ತಿಹಿಡಿದು ಅನ್ನನಾಳವನ್ನು ಮುಚ್ಚುವ ವಿಧಾನವನ್ನು ತಿಳಿಸಿದರು. ಕರುಳು ಕಟ್ಟಿದವರಿಗೆ ಕೊಳವೆಯನ್ನು ಹಾಕುತ್ತಾರೆ. ಎಲ್ಲರಿಗೂ ಹಾಕುವುದಿಲ್ಲ, ಏಕೆಂದರೆ ಗಟ್ಟಿಯಾದ ಅನ್ನವು ಅದರಿಂದ ಪೂರ್ತಿಯಾಗಿ ಬಾರದು. ಅವಸರದ ರೋಗಿಯನ್ನು ಹೊಟ್ಟೆ ತುಂಬಿದವನೆಂದೇ ಭಾವಿಸಿ, ಮೊದಲು ಪ್ರಾಣವಾಯುವನ್ನು ಉಸಿರಾಡಿಸಿ, ಬೇಗನೆ ಅರಿವು ತಪ್ಪಿಸಿ, ಕೂಡಲೆ ಶ್ವಾಸನಾಳಕ್ಕೆ ಕೊಳವೆಯಿಟ್ಟು ಭದ್ರಪಡಿಸುವುದು ಈಗಿನ ಕ್ರಮ. ಆ ಉದ್ದಕ್ಕೂ ಒಂದು ಕಣ್ಣು ಉಸಿರಿನ ಮೇಲೆ, ಒಂದು ಕಣ್ಣು ನಾಡಿಯ ಮೇಲೆ. ಹೈದರಾಬಾದಿನ ವಾದಿ ಪ್ರತಿವಾದಿಗಳಿಬ್ಬರೂ ಇಲ್ಲಿ ಗೆದ್ದಂತಾಯಿತು.

೬. ಗೃಹಸ್ಥರು ತಿಳಿಯತಕ್ಕದ್ದು

ಈ ಚರಿತ್ರೆಯಿಂದ ನಮ್ಮ ಮನೆಗಳಿಗೆ ಆಗತಕ್ಕ ಪ್ರಯೋಜನವನ್ನು ಹೇಳಿ ಮುಗಿಸುವೆನು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಬ್ಬನು ಎರಡು ಹಣ್ಣು ತಿಂದು, ಚಹ ಕುಡಿದು, ಬಂಡಿಯೇರಿ ಹೊರಟು ರಸ್ತೆಯಲ್ಲಿ ಬಿದ್ದನೆನ್ನೋಣ. ಕಲಬುರಗಿಯ ದೊಡ್ಡಾಸ್ಪ್ರತ್ರೆಗೆ ೪೦ ಕಿಲೋಮೀಟರಿಗೂ ಒಳಗಿನ ದಾರಿ. ಮೊದಲೇ ಗೊತ್ತಾದ ಶಸ್ತ್ರಕ್ರಿಯೆಗೆ ತಿಳಿನೀರಾದರೆ ೨ ಗಂಟೆ, ಹಗುರವಾದ ಆಹಾರಕ್ಕೆ ೬ ಗಂಟೆ, ಎಣ್ಣೆ ತುಪ್ಪದ ಊಟಕ್ಕೆ ೮ ಗಂಟೆ ಅಥವಾ ಹೆಚ್ಚು ಬಿಡಬೇಕೆಂಬುದು ಈಗಿನ ನಿಯಮ. ಆದರೆ ಪೆಟ್ಟು ಬಿದ್ದ ಕ್ಷಣದಿಂದ ನೋವು, ಭಯ ಮತ್ತು ನೋವಿಗೆ ಕೊಟ್ಟ ಮದ್ದು ಇವುಗಳಿಂದ ಜಠರವು ತನ್ನ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಅಂಥವನು ಹತ್ತು ಗಂಟೆ ಕಾದರೂ ಹೊಟ್ಟೆ ತುಂಬಿದವನೇ ಸರಿ. ಆದುದರಿಂದ ಅವನು ಏನು ತಿಂದನು, ಯಾವಾಗ ತಿಂದನು, ತಿಂದ ಎಷ್ಟು ಹೊತ್ತಿಗೆ ಪೆಟ್ಟು ಬಿತ್ತು, ಈ ಮೂರನ್ನೂ ಜೊತೆಗೆ ಹೋದವರು ವೈದ್ಯರಿಗೆ ತಿಳಿಸಬೇಕು.

ತಿಂದುದನ್ನು ಹೇಳಿದರೆ ಶಸ್ತ್ರಕ್ರಿಯೆ ತಡವಾದೀತೆಂದೋ, ಬೈದಾರೆಂದೋ ಅಂಜಿ, ಏನೂ ತಿಂದಿಲ್ಲವೆಂದು ಹೇಳುವವರುಂಟು. ಈ ಸುಳ್ಳು ರೋಗಿಯ ಪ್ರಾಣಕ್ಕೇ ಎರವಾದೀತು. ದಾರಿಯಲ್ಲಿ ಬಲಕ್ಕೆಂದು ಚಹವನ್ನೋ ಎಳನೀರನ್ನೋ ಕುಡಿಸುವ ಪ್ರೀತಿಯೂ ಅಷ್ಟೇ ಅಪಾಯಕರವಾದದ್ದು; ವೈದ್ಯರ ಅಪ್ಪಣೆಯಿಲ್ಲದೆ ಬಾಯಿಗೆ ಏನನ್ನೂ ಕೊಡಬಾರದು. ಹೊಟ್ಟೆ ಬರಿದಾಗಲೆಂದು ಉಪ್ಪುನೀರು ಕುಡಿಸಿಯೋ ಗಂಟಲಿಗೆ ಬೆರಳಿಟ್ಟೋ ವಾಂತಿ ಮಾಡಿಸುವುದಂತೂ ಎಂದಿಗೂ ಕೂಡದು. ಅರಿವಿಲ್ಲದೆ ಉಸಿರಾಡುತ್ತಿರುವವನನ್ನು, ಕತ್ತು ಬೆನ್ನುಗಳಿಗೆ ಪೆಟ್ಟಾಗಿರಬಹುದೆಂಬ ಎಚ್ಚರದಿಂದ, ಮಗ್ಗುಲಾಗಿ ಮಲಗಿಸಿದರೆ ವಾಂತಿಯು ಹೊರಗೆ ಹರಿದುಹೋಗುತ್ತದೆ. ಹೃದ್ರೋಗ, ರಕ್ತದೊತ್ತಡ, ಸಕ್ಕರೆಯ ರೋಗ ಇವುಗಳಿಗೆ ನಿತ್ಯವೂ ನುಂಗುವ ಗುಳಿಗೆಗಳನ್ನು ಚೀಟಿಯೊಡನೆ ಕೈಯಲ್ಲಿ ಹಿಡಿದು ಹೋಗಬೇಕು.

ಜಠರವನ್ನು ಬರಿದುಮಾಡಬೇಕೋ ಬೇಡವೋ, ಮಾಡಿದರೆ ಈ ಹೃದಯವು ಅದನ್ನು ತಾಳೀತೋ ಎಂಬುದನ್ನು ನಿರ್ಣಯಿಸುವ ಭಾರ ಅರಿವಳಿಕೆಯ ವೈದ್ಯರದು. ಆ ನಿರ್ಣಯಕ್ಕೆ ಬೇಕಾದ ಸತ್ಯವನ್ನು ಅವರ ಕೈಗೆ ಕೊಡುವ ಭಾರ ನಮ್ಮದು. ಶಸ್ತ್ರಕ್ರಿಯೆಯ ಕೋಣೆಯ ಬಾಗಿಲು ಮುಚ್ಚುವ ಮೊದಲು ಮನೆಯವರಿಂದ ಆಗಬೇಕಾದ ಕೆಲಸ ಇಷ್ಟೇ. ಆದರೆ ಅದನ್ನು ಅವರ ಹೊರತು ಬೇರೆ ಯಾರೂ ಮಾಡಲಾರರು.